ಕೆಳಗಿನ ಸೆಟ್ಟಿಗೆ ಎರಡು ಗೂಟ

ನಿಮ್ಮ ಮನೆಯಲ್ಲಿ ಹಲ್ಲು ಕಟ್ಟಿಸಿಕೊಂಡ ಹಿರಿಯರು ಯಾರಾದರೂ ಇದ್ದರೆ, ಅವರು ಊಟಕ್ಕೆ ಕುಳಿತಾಗ ಒಂದು ಸಲ ಗಮನವಿಟ್ಟು ನೋಡಿ. ಮದುವೆಗೋ ನಾಮಕರಣಕ್ಕೋ ಹೊರಟಾಗ ಎರಡು ಸೆಟ್ಟೂ ಬಾಯಲ್ಲಿರುತ್ತವೆ. ಎಲೆಯ ಮುಂದೆ ಕುಳಿತರೋ, ಕೆಳಗಿನದು ಮೆಲ್ಲನೆ ಕರವಸ್ತ್ರದೊಳಕ್ಕೆ ಇಳಿಯುತ್ತದೆ. ಮನೆಯಲ್ಲಾದರೆ ಅದು ಬೆಳಗಿನಿಂದಲೂ ಬಚ್ಚಲುಮನೆಯ ಗೂಡಿನಲ್ಲಿ ಲೋಟದ ನೀರಿನೊಳಗೆ ಮುಳುಗಿಕೊಂಡಿರುತ್ತದೆ. ಏಕೆಂದು ಕೇಳಿದರೆ "ನನಗೆ ಅಭ್ಯಾಸವಾಗಲಿಲ್ಲಪ್ಪ" ಎನ್ನುತ್ತಾರೆ. ಇಲ್ಲವೆ "ವಯಸ್ಸಾಯಿತು, ಇನ್ನೇನು ತಿನ್ನಬೇಕಾಗಿದೆ" ಎಂದು ಮಾತು ತಿರುಗಿಸುತ್ತಾರೆ. ತಪ್ಪು ತಮ್ಮದೇ ಎಂಬ ದನಿಯಲ್ಲಿ ಹೇಳುತ್ತಾರೆ.

ತಪ್ಪು ಅವರದಲ್ಲ, ಎಷ್ಟೋ ಸಲ ಹಲ್ಲು ಕಟ್ಟಿದ ವೈದ್ಯನದೂ ಅಲ್ಲ. ಕೆಳದವಡೆಯ ಸ್ವಭಾವವೇ ಹಾಗೆ. ಆ ಸ್ವಭಾವವೇನು, ಅದಕ್ಕೆ ಈಗ ಉಪಾಯವೇನುಂಟು ಎಂಬ ಸಂಗತಿಯನ್ನು, ಬಹುಕಾಲ ಈ ಕೆಲಸದಲ್ಲಿಯೇ ಕೈ ಸವೆಸಿದ ಹಲ್ಲಿನ ವೈದ್ಯನಾಗಿ, ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೇಲಿನ ಸೆಟ್ಟು ನಿಲ್ಲುವುದು ಹೇಗೆ? ಅದು ಒಸಡನ್ನಷ್ಟೇ ಅಲ್ಲ, ಇಡೀ ಅಂಗುಳವನ್ನು ಮುಚ್ಚಿಕೊಂಡಿರುತ್ತದೆ. ಎರಡು ಗಾಜಿನ ಹಲಗೆಗಳ ನಡುವೆ ಒಂದು ತೊಟ್ಟು ನೀರು ಹಾಕಿ ಒತ್ತಿದರೆ ಅವನ್ನು ಬಿಡಿಸುವುದು ಎಷ್ಟು ಕಷ್ಟವೆಂದು ನೀವು ಬಲ್ಲಿರಿ. ಅಂಗುಳಕ್ಕೂ ಸೆಟ್ಟಿಗೂ ನಡುವೆ ಜೊಲ್ಲಿನ ತೆಳುಪದರ ಇದೇ ಕೆಲಸ ಮಾಡುತ್ತದೆ. ಆದಕಾರಣ ಮೇಲಿನ ಸೆಟ್ಟಿನಿಂದ ದೂರು ಕಡಮೆ. ಕೆಳಗೆ ಅಂಗುಳವಿಲ್ಲ, ಅಲ್ಲಿ ನಾಲಗೆಯಿದೆ. ಸೆಟ್ಟು ಕುದುರೆಯ ಲಾಳದಂತೆ ಬಾಗಿ, ನಾಲಗೆಗೂ ಕೆನ್ನೆಗೂ ನಡುವಣ ಇಕ್ಕಟ್ಟಿನಲ್ಲಿ ಕುಳಿತಿರಬೇಕು. ಅದಕ್ಕೆ ಊರಲು ಸಿಕ್ಕುವ ಜಾಗ ಮೇಲಿನದರ ಸುಮಾರು ಅರ್ಧದಷ್ಟು ಮಾತ್ರ. ನಾಲಗೆಯೋ ಒಂದು ಗಳಿಗೆ ಸುಮ್ಮನಿರುವ ಅಂಗವಲ್ಲ. ತುತ್ತು ಹೊರಳಿಸುವಾಗ, ಎಂಜಲು ನುಂಗುವಾಗ, ಮಾತಾಡುವಾಗ, ಆಕಳಿಸುವಾಗ ಅದು ಸೆಟ್ಟನ್ನು ಒಳಗಿನಿಂದ ಎತ್ತುತ್ತದೆ. ಬಾಯಿ ಅಗಲವಾಗಿ ತೆರೆದರೆ ಕೆನ್ನೆಯ ಸ್ನಾಯುಗಳು ಹೊರಗಿನಿಂದ ಎತ್ತುತ್ತವೆ. ರಕ್ತದೊತ್ತಡಕ್ಕೂ ಮತ್ತಿತರ ಕಾಯಿಲೆಗಳಿಗೂ ತೆಗೆದುಕೊಳ್ಳುವ ಕೆಲವು ಮಾತ್ರೆಗಳಿಂದ ಬಾಯಿ ಒಣಗುವುದೂ ಉಂಟು. ಜೊಲ್ಲಿಲ್ಲದ ಬಾಯಲ್ಲಿ ಸೆಟ್ಟು ಉಜ್ಜಿ ಉಜ್ಜಿ ಹುಣ್ಣಾಗುತ್ತದೆ.

ಇಷ್ಟೇ ಆಗಿದ್ದರೆ ಹೇಗೋ ಹೊಂದಿಕೊಳ್ಳಬಹುದಾಗಿತ್ತು. ಕಾಲ ಕಳೆದಂತೆ ಇನ್ನೊಂದು ನಡೆಯುತ್ತದೆ. ದವಡೆಯ ಮೇಲಂಚಿನ ಮೂಳೆ ಇರುವುದೇ ಹಲ್ಲಿನ ಬೇರನ್ನು ಹಿಡಿದುಕೊಳ್ಳುವುದಕ್ಕಾಗಿ. ಹಲ್ಲು ಹೋದ ಮೇಲೆ ದೇಹ ಅದನ್ನು ಬೇಡವೆಂದು ಕರಗಿಸತೊಡಗುತ್ತದೆ. ಮೊದಲ ವರ್ಷ ಕರಗುವುದು ಬೇಗ. ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ಟಾಲ್‌ಗ್ರೆನ್ ಎಂಬುವರು ಸೆಟ್ಟು ಹಾಕಿಕೊಂಡವರನ್ನು ೨೫ ವರ್ಷಗಳವರೆಗೆ ಬಿಡದೆ ಪರೀಕ್ಷಿಸಿ ೧೯೭೨ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಕೆಳದವಡೆಯ ಮುಂಭಾಗದ ಮೂಳೆ ಮೇಲ್ದವಡೆಯ ಮೂಳೆಗಿಂತ ಸುಮಾರು ನಾಲ್ಕರಷ್ಟು ಸವೆಯುತ್ತದೆಂದು ಅವರು ಕಂಡುಕೊಂಡರು. ಅಂದರೆ ಯಾವ ಸೆಟ್ಟಿಗೆ ಮೊದಲೇ ನೆಲೆ ಕಡಮೆಯೋ ಅದರ ನೆಲೆಯೇ ಬೇಗ ಕರಗಿಹೋಗುತ್ತದೆ. ದಿಣ್ಣೆಯಂತಿದ್ದದ್ದು ಬದುವಾಗಿ, ಬದುವಿನಂತಿದ್ದದ್ದು ಬಯಲಾಗುತ್ತದೆ. ಕೊನೆಕೊನೆಗೆ ಕೆಳತುಟಿಗೂ ಗದ್ದಕ್ಕೂ ಹೋಗುವ ನರ ಹೊರಬೀಳುವ ಕಿಂಡಿ ಒಸಡಿನ ಅಂಚಿಗೇ ಬಂದುಬಿಡುತ್ತದೆ. ಆಗ ಸೆಟ್ಟು ಒತ್ತಿದಾಗಲೆಲ್ಲ ಮಿಂಚು ಹೊಡೆದಂಥ ನೋವು. ಹತ್ತು ವರ್ಷ ಚೆನ್ನಾಗಿದ್ದ ಸೆಟ್ಟು ಈಗೇಕೆ ಹೀಗೆ ಎಂದು ಬರುವವರಿಗೆ ಉತ್ತರ ಇಲ್ಲಿದೆ. ಸೆಟ್ಟು ಇದ್ದಂತೆಯೇ ಇದೆ; ಕೆಳಗಿನ ನೆಲ ಇಳಿದಿದೆ.

ಈಗ ನನ್ನದೊಂದು ಕಥೆ ಹೇಳಬೇಕು. ಮಲೆನಾಡಿನ ಕಡೆಯ ನಿವೃತ್ತ ಪ್ರೈಮರಿ ಶಾಲೆಯ ಮೇಷ್ಟರೊಬ್ಬರು ನನ್ನ ಬಳಿ ಬರುತ್ತಿದ್ದರು. ಊರಿನಲ್ಲಿ ಅವರು ಗಮಕಿಗಳು. ಕುಮಾರವ್ಯಾಸ ಭಾರತದ ವಾಚನಕ್ಕೆ ಸುತ್ತಿನ ಹಳ್ಳಿಗಳಿಂದ ಅವರಿಗೆ ಕರೆ ಬರುತ್ತಿತ್ತು. ಹಲ್ಲೆಲ್ಲ ಹೋದ ಮೇಲೆ ಎರಡು ಸೆಟ್ಟು ಮಾಡಿಕೊಟ್ಟೆ. ಮೇಲಿನದರ ಸುದ್ದಿಯೇ ಇಲ್ಲ. ಕೆಳಗಿನದು ಮಾತ್ರ, ರಾಗ ಎತ್ತಿ ಬಾಯಿ ತೆರೆದೊಡನೆ ಮೇಲೇಳುತ್ತಿತ್ತು. ಮುಚ್ಚಿದೊಡನೆ ಟಕ್ ಎಂದು ಸದ್ದು ಮಾಡುತ್ತಿತ್ತು. ಮತ್ತೊಂದು ಮಾಡಿದೆ. ಅದೂ ಹಾಗೆಯೇ ಆಯಿತು. ಮೂರನೆಯದನ್ನೂ ಮಾಡಿದೆ. ಪ್ರತಿ ಸಲವೂ ನಾನು, "ಅಭ್ಯಾಸವಾಗುತ್ತದೆ ಮೇಷ್ಟರೇ, ಸ್ವಲ್ಪ ತಾಳ್ಮೆ ಬೇಕು" ಎಂದೆ. ಮೂರನೆಯ ಸೆಟ್ಟು ಕೊಟ್ಟ ಮೇಲೆ ಅವರು ಬರಲೇ ಇಲ್ಲ. ಎರಡು ವರ್ಷದ ಮೇಲೆ ಬೇರೆ ಯಾರನ್ನೋ ಕರೆದುಕೊಂಡು ಬಂದಾಗ ವಿಚಾರಿಸಿದೆ. "ವಾಚನ ಬಿಟ್ಟೆ ಡಾಕ್ಟರೇ. ಜನ ಪದ್ಯ ಕೇಳುವುದು ಬಿಟ್ಟು ನನ್ನ ಬಾಯಿ ನೋಡುತ್ತಿದ್ದರು" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ಎಷ್ಟು ನಯವಾಗಿ ಕಟ್ಟಿದರೂ ಆ ದವಡೆಯ ಮೇಲೆ ಸೆಟ್ಟು ನಿಲ್ಲಲಾರದೆಂದು ಮೊದಲನೆಯದರ ಹೊತ್ತಿಗೇ ನಾನು ಹೇಳಬೇಕಾಗಿತ್ತು. ಬೇರೆ ದಾರಿಯುಂಟೆಂದೂ ಹೇಳಬೇಕಾಗಿತ್ತು. ಹಳ್ಳಿಯ ಮೇಷ್ಟರು, ಪಿಂಚಣಿಯಲ್ಲಿ ಬದುಕುವವರು, ಅಷ್ಟು ಖರ್ಚು ಮಾಡಿಯಾರೆ ಎಂದು ಅವರ ಪರವಾಗಿ ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಆ ಬೇರೆ ದಾರಿಯೇ ಇಂಪ್ಲಾಂಟ್. ಅದು ಹುಟ್ಟಿದ್ದು ಹಲ್ಲಿನ ಆಸ್ಪತ್ರೆಯಲ್ಲಲ್ಲ, ಮೊಲದ ಕಾಲಿನಲ್ಲಿ. ೧೯೫೨ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ತರುಣ ಸಂಶೋಧಕರು ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆಂದು ನೋಡಲು ಮೊಲದ ಕಾಲಿನ ಮೂಳೆಯಲ್ಲಿ ಟೈಟೇನಿಯಂ ಲೋಹದ ಪುಟ್ಟ ಕಿಟಕಿಯೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ, ಬೆಲೆಬಾಳುವ ಆ ಉಪಕರಣವನ್ನು ಹಿಂದಕ್ಕೆ ತೆಗೆಯಹೋದರೆ ಅದು ಬರಲೊಲ್ಲದು! ಮೂಳೆ ಲೋಹವನ್ನು ಅಪ್ಪಿಕೊಂಡು ಬೆಳೆದುಬಿಟ್ಟಿತ್ತು. ಸಾಮಾನ್ಯವಾಗಿ ಪರವಸ್ತುವನ್ನು ದೇಹ ಒಂದು ತೊಗಲಿನಂಥ ಪೊರೆಯಿಂದ ಸುತ್ತಿ ದೂರವಿಡುತ್ತದೆ, ಇಲ್ಲಿ ಹಾಗಾಗಲಿಲ್ಲ. ಈ ಟೈಟೇನಿಯಂ ನಮಗೇನೂ ಅಪರಿಚಿತವಲ್ಲ. ಕೇರಳದ ಕಡಲತೀರದ ಕರಿಮರಳಿನಲ್ಲಿ ಅದರ ಅದಿರು ಇದೆ. ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿರುವುದೂ ಅದರ ಆಕ್ಸೈಡೇ. ಗಾಳಿ ತಾಗಿದೊಡನೆ ಲೋಹದ ಮೈಮೇಲೆ ಆ ಆಕ್ಸೈಡಿನ ಅತಿ ತೆಳುವಾದ ಪದರ ಹುಟ್ಟುತ್ತದೆ. ಮೂಳೆ ಸ್ನೇಹ ಬೆಳೆಸುವುದು ಆ ಪದರದೊಡನೆ.

೧೯೬೫ರಲ್ಲಿ ಬ್ರೋನೆಮಾರ್ಕ್ ಗೋಥೆನ್‌ಬರ್ಗ್‌ನಲ್ಲಿ ಮೊದಲ ರೋಗಿಯ ಕೆಳದವಡೆಗೆ ಇಂಥ ನಾಲ್ಕು ತಿರುಪುಗಳನ್ನು ಕೂರಿಸಿದರು. ಆತನಿಗೆ ಸೀಳಂಗುಳವೂ ದವಡೆಯ ಊನವೂ ಇದ್ದು, ಕೆಳಗೆ ಹಲ್ಲುಗಳೇ ಇರಲಿಲ್ಲ. ೨೦೦೬ರಲ್ಲಿ ಆತ ತೀರಿಕೊಳ್ಳುವವರೆಗೂ, ನಾಲ್ವತ್ತು ವರ್ಷಕ್ಕೂ ಮೀರಿ, ಅವು ಕೆಲಸ ಮಾಡಿದವು. ಆದರೂ ವೈದ್ಯಲೋಕ ಬೇಗ ಒಪ್ಪಲಿಲ್ಲ. ಅದಕ್ಕೆ ಮೊದಲು ದವಡೆಗೆ ಲೋಹ ಹೊಡೆಯಲು ಹೋದವರು ಬಹಳಷ್ಟು ಬಾಯಿಗಳನ್ನು ಕೆಡಿಸಿದ್ದರು, ಅನುಮಾನ ಸಹಜವಾಗಿತ್ತು. ೧೯೮೨ರಲ್ಲಿ ಟೊರಾಂಟೋ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಸ್ವೀಡನ್ನಿನವರು ತಮ್ಮ ಲೆಕ್ಕಪತ್ರವನ್ನೆಲ್ಲ ಮುಂದಿಟ್ಟ ಮೇಲೆಯೇ ಅಮೆರಿಕ ಖಂಡದ ಬಾಗಿಲು ತೆರೆದದ್ದು. ಬ್ರೋನೆಮಾರ್ಕ್ ೨೦೧೪ರಲ್ಲಿ ತೀರಿಕೊಂಡರು.

ಇಂಪ್ಲಾಂಟ್ ಎಂದೊಡನೆ ಜನ ತಿಳಿಯುವುದು, ಒಂದೊಂದು ಹಲ್ಲಿಗೂ ಒಂದೊಂದು ತಿರುಪು, ಲಕ್ಷಗಟ್ಟಲೆ ಹಣ, ಎಂದು. ನಾನು ಹೇಳುತ್ತಿರುವುದು ಅದನ್ನಲ್ಲ. ಸೆಟ್ಟು ಸೆಟ್ಟಾಗಿಯೇ ಇರುತ್ತದೆ, ಕೈಯಿಂದ ತೆಗೆದು ಹಾಕುವುದೇ; ಅದಕ್ಕೆ ಗದ್ದದ ಭಾಗದಲ್ಲಿ ಎರಡೇ ಎರಡು ಗೂಟ. ೨೦೦೨ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಸೇರಿದ ತಜ್ಞರು, ಕೆಳಗೆ ಹಲ್ಲೇ ಇಲ್ಲದವರಿಗೆ ಬರಿಯ ಸೆಟ್ಟು ಇನ್ನು ಮೊದಲ ಆಯ್ಕೆಯಾಗಕೂಡದು, ಎರಡು ಇಂಪ್ಲಾಂಟಿನ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಎಂದು ಹೇಳಿಕೆ ಕೊಟ್ಟರು. ೨೦೦೯ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿಯೂ ಅದನ್ನೇ ಅನುಮೋದಿಸಿದರು. ನಮ್ಮ ದೇಶದ ಹಣಕಾಸಿನ ಸ್ಥಿತಿಯಲ್ಲಿ ಎಲ್ಲರಿಗೂ ಅದನ್ನೇ ವಿಧಿಸಲಾರೆವು, ನಿಜ. ಆದರೆ ಇದೊಂದು ದಾರಿಯುಂಟೆಂದು ತಿಳಿಸಬೇಕಾದದ್ದು ವೈದ್ಯನ ಕರ್ತವ್ಯ. ಕೇಳುವುದು ನಿಮ್ಮ ಹಕ್ಕು.

ಕೆಲಸ ಹೇಗೆ ನಡೆಯುತ್ತದೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಭಯವೇ ಅರ್ಧ ಜನರನ್ನು ತಡೆಯುತ್ತದೆ. ಮೊದಲು ಎಕ್ಸ್-ರೇ ಅಥವಾ ಸ್ಕ್ಯಾನ್. ಕೆಳದವಡೆಯ ಎರಡು ಪಕ್ಕದಲ್ಲಿಯೂ ನರ ಹೊರಬೀಳುವ ಕಿಂಡಿಗಳಿವೆಯೆಂದೆನಲ್ಲ, ಅವೆರಡರ ನಡುವಣ ಮುಂಭಾಗ ಸುರಕ್ಷಿತ ಪ್ರದೇಶ. ದೈವಕೃಪೆಯೋ ಎಂಬಂತೆ, ಹಿಂದಿನದೆಲ್ಲ ಕರಗಿದರೂ ಅಲ್ಲಿ ಗಟ್ಟಿ ಮೂಳೆ ಬಹುಮಟ್ಟಿಗೆ ಉಳಿದಿರುತ್ತದೆ. ಹಲ್ಲು ಕೀಳುವಾಗ ಕೊಡುವಂಥದೇ ಮರಗಟ್ಟಿಸುವ ಸೂಜಿಮದ್ದು ಕೊಟ್ಟು, ಒಸಡು ಬಿಡಿಸಿ, ಕೋರೆಹಲ್ಲುಗಳು ಇದ್ದ ಜಾಗದಲ್ಲಿ ಬಲಕ್ಕೊಂದು ಎಡಕ್ಕೊಂದು ತೂತು ಕೊರೆಯುತ್ತೇವೆ. ಕೊರೆಯುವಾಗ ಉಪ್ಪುನೀರನ್ನು ಎಡೆಬಿಡದೆ ಸುರಿಯುತ್ತಿರಬೇಕು. ಮೂಳೆ ೪೭ ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ನಿಮಿಷ ಇದ್ದರೂ ಅದರ ಜೀವಕ್ಕೆ ಧಕ್ಕೆ. ಸತ್ತ ಮೂಳೆ ಯಾವ ಲೋಹವನ್ನೂ ಅಪ್ಪಿಕೊಳ್ಳದು. ಅವಸರದ ಕೈ ಇಲ್ಲಿ ಕೆಲಸಕ್ಕೆ ಬಾರದು. ಆಮೇಲೆ ಸುಮಾರು ನಾಲ್ಕು ಮಿಲಿಮೀಟರ್ ದಪ್ಪ, ಹತ್ತು ಮಿಲಿಮೀಟರ್ ಉದ್ದದ ತಿರುಪನ್ನು ತಿರುಗಿಸಿ ಕೂರಿಸುವುದು. ಎರಡಕ್ಕೂ ಸೇರಿ ಹೆಚ್ಚು ಕಡಮೆ ಒಂದು ಗಂಟೆಯ ಕೆಲಸ. ಮಾರನೆಯ ದಿನ ಗದ್ದ ಸ್ವಲ್ಪ ಊದಿರುತ್ತದೆ. ನಾಲ್ಕು ದಿನ ಗಂಜಿ, ಮೊಸರನ್ನ. ರಾಗಿಮುದ್ದೆಯವರಿಗೆ ಈ ಚಿಂತೆಯೂ ಇಲ್ಲ. ಅದನ್ನು ಅಗಿಯುವ ಪದ್ಧತಿಯೇ ಇಲ್ಲವಲ್ಲ.

ಅನಂತರ ಎರಡು ಮೂರು ತಿಂಗಳು ಕಾಯಬೇಕು. ಮೂಳೆ ತನ್ನ ಕೆಲಸವನ್ನು ತನ್ನ ವೇಗದಲ್ಲಿಯೇ ಮಾಡುತ್ತದೆ. 'ಒಂದೇ ದಿನದಲ್ಲಿ ಹಲ್ಲು' ಎಂಬ ಜಾಹೀರಾತುಗಳನ್ನು ನೀವು ನೋಡಿರಬಹುದು. ಕೆಲವರ ಮೂಳೆಗೆ ಅದು ಸಾಧ್ಯ, ಎಲ್ಲರಿಗೂ ಅಲ್ಲ. ಪರೀಕ್ಷೆ ಮಾಡದೆಯೇ ಮಾತು ಕೊಡುವವರ ಬಳಿ ಹೋಗಬೇಡಿ. ಮೂಳೆ ಹಿಡಿದ ಮೇಲೆ ತಿರುಪಿನ ತಲೆಗೆ ಒಂದು ಗುಂಡು ಕೂರಿಸಿ, ಸೆಟ್ಟಿನ ತಳದಲ್ಲಿ ಅದಕ್ಕೆ ಸರಿಯಾದ ಬಟ್ಟಲು ಕೂರಿಸುತ್ತೇವೆ. ರವಿಕೆಯ ಟಿಚ್ ಬಟನ್ ಇರುತ್ತದಲ್ಲ, ಅದೇ ತತ್ತ್ವ. ಒತ್ತಿದರೆ ಕಚ್ಚಿಕೊಳ್ಳುತ್ತದೆ, ಹೆಬ್ಬೆರಳಿನಿಂದ ಎತ್ತಿದರೆ ಬಿಡುತ್ತದೆ. ನಿಮ್ಮ ಹಳೆಯ ಸೆಟ್ಟು ಚೆನ್ನಾಗಿದ್ದರೆ ಅದನ್ನೇ ಹೀಗೆ ಅಳವಡಿಸಬಹುದು. ಸೆಟ್ಟೇ ಸರಿಯಿಲ್ಲದಿದ್ದರೆ ಮೊದಲು ಸೆಟ್ಟು ಸರಿಯಾಗಬೇಕು. ಕೆಟ್ಟ ಸೆಟ್ಟನ್ನು ಇಂಪ್ಲಾಂಟ್ ಒಳ್ಳೆಯದು ಮಾಡಲಾರದು.

ಇದರಿಂದ ಏನು ಬದಲಾಗುತ್ತದೆ? ಬರಿಯ ಸೆಟ್ಟಿನವರು ಕಚ್ಚುವ ಬಲ ಸ್ವಂತ ಹಲ್ಲಿದ್ದವರ ಬಲದ ಸುಮಾರು ಕಾಲುಪಾಲಿಗೆ ಇಳಿದಿರುತ್ತದೆ. ಗೂಟ ಸಿಕ್ಕ ಮೇಲೆ ಅದು ಹೆಚ್ಚು ಕಡಮೆ ಎರಡರಷ್ಟಾಗುತ್ತದೆ. ಕೋಸಂಬರಿ, ಸೀಬೆಹಣ್ಣು, ಹಸಿ ತರಕಾರಿ ಮತ್ತೆ ಎಲೆಯ ಮೇಲೆ ಬರುತ್ತವೆ. ತಿರುಪಿನ ಸುತ್ತಲ ಮೂಳೆ ಸವೆಯುವುದೂ ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಸೆಟ್ಟಿನ ಹಿಂಭಾಗ ಈಗಲೂ ಒಸಡಿನ ಮೇಲೆಯೇ ಕುಳಿತಿರುತ್ತದೆಂಬುದನ್ನು ಮರೆಯಬೇಡಿ. ಅಲ್ಲಿ ಮೂಳೆ ತಗ್ಗುತ್ತಲೇ ಇರುವುದರಿಂದ ಕೆಲವು ವರ್ಷಕ್ಕೊಮ್ಮೆ ಒಳಪದರ ತುಂಬಿಸಿಕೊಳ್ಳಬೇಕು. ಮೇಲ್ದವಡೆಯ ಮೂಳೆ ಮೆತ್ತಗೆ. ಅಲ್ಲಿ ಎರಡು ಸಾಲದು, ನಾಲ್ಕಾದರೂ ಬೇಕು. ಮೇಲಿನ ಸೆಟ್ಟು ಚೆನ್ನಾಗಿ ಹಿಡಿದಿರುವಾಗ ಅದಕ್ಕೂ ಇಂಪ್ಲಾಂಟ್ ಹಾಕಿಸಿಕೊಳ್ಳಿ ಎಂದು ನಾನಂತೂ ಹೇಳುವುದಿಲ್ಲ.

ಯಾರಿಗೆ ಕೂಡದು? ವಯಸ್ಸು ಅಡ್ಡಿಯಲ್ಲ, ಎಂಬತ್ತು ದಾಟಿದವರಿಗೂ ಮೂಳೆ ಹಿಡಿಯುತ್ತದೆ. ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ ಅಡ್ಡಿ. ಮೊದಲು ಅದನ್ನು ಹತೋಟಿಗೆ ತಂದುಕೊಂಡು ಬರಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ಸೋಲು ಹೆಚ್ಚು. ಅಡಿಕೆ ಅಗಿದು ಅಗಿದು ಬಾಯಿ ಬಿಗಿದುಕೊಂಡವರಿಗೆ ಉಪಕರಣವೇ ಒಳಗೆ ಹೋಗದು. ದವಡೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ, ಮೂಳೆ ಸವೆತಕ್ಕೋ ಕ್ಯಾನ್ಸರಿಗೋ ಅಲೆಂಡ್ರೋನೇಟ್, ಜೊಲೆಡ್ರೋನಿಕ್ ಆಮ್ಲದಂಥ ಔಷಧ ತೆಗೆದುಕೊಂಡಿದ್ದರೆ, ಅದನ್ನು ವೈದ್ಯರಿಗೆ ಮುಚ್ಚಿಡಬೇಡಿ. "ಹಲ್ಲಿಗೂ ಬೆನ್ನುಮೂಳೆಯ ಮಾತ್ರೆಗೂ ಏನು ಸಂಬಂಧ" ಎಂದು ಬಿಟ್ಟುಬಿಡುವವರನ್ನು ಕಂಡಿದ್ದೇನೆ. ಆ ಔಷಧಗಳಿಂದ ದವಡೆಯ ಗಾಯ ಮಾಯದೆ ಮೂಳೆ ಸಾಯುವುದುಂಟು. ಇನ್ನು ಕೈ ನಡುಗುವವರಿದ್ದಾರೆ. ಅವರಿಗೆ ಬಟನ್ ಬಿಡಿಸುವುದು ಕಷ್ಟ. ಮನೆಯವರು ಯಾರಾದರೂ ತೆಗೆಯುವುದನ್ನು ಕಲಿತಿರಬೇಕು.

ಖರ್ಚಿನ ಮಾತು. ಎರಡು ಇಂಪ್ಲಾಂಟಿನ ಸೆಟ್ಟು ಬರಿಯ ಸೆಟ್ಟಿನ ಹಲವು ಪಟ್ಟು ಆಗುತ್ತದೆ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲು ಕರ್ನಾಟಕ ಸರ್ಕಾರ ೨೦೧೦ರ ದಶಕದಲ್ಲಿ ದಂತಭಾಗ್ಯ ಎಂಬ ಯೋಜನೆಯನ್ನು ಆರಂಭಿಸಿದ್ದು ಒಳ್ಳೆಯದೇ ಆಯಿತು. ಏನೂ ಇಲ್ಲದ ಬಾಯಿಗೆ ಬರಿಯ ಸೆಟ್ಟೂ ದೊಡ್ಡದೇ. ಇಂಪ್ಲಾಂಟ್ ಬೇಕೆನ್ನುವವರು ದಂತವೈದ್ಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿದರೆ ಖಾಸಗಿ ದರಕ್ಕಿಂತ ಕಡಮೆಗೆ ಆಗುವ ಸಂಭವವುಂಟು. ಗದ್ದದ ನಟ್ಟನಡುವೆ ಒಂದೇ ಗೂಟ ಹಾಕಿದರೂ ಸಾಕೇ ಎಂದು ಕೆನಡಾದಲ್ಲಿ ಐದು ವರ್ಷ ಪರೀಕ್ಷಿಸಿ ನೋಡಿದ್ದಾರೆ. ಒಂದು ಗೂಟದವರ ತೃಪ್ತಿ ಎರಡು ಗೂಟದವರಿಗಿಂತ ಕಡಮೆಯೇನೂ ಆಗಿರಲಿಲ್ಲ. ಕೈ ಬಿಗಿಯಿರುವವರು ಇದನ್ನೂ ಕೇಳಿ ನೋಡಬಹುದು.

ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದುಂಟು. ಅದು ಹಲ್ಲೆಲ್ಲ ಕೀಳಿಸುವ ಮೊದಲು ನೆನಪಾಗಬೇಕು. "ಎರಡು ಮೂರು ಉಳಿದಿವೆ, ಅವನ್ನೂ ಕಿತ್ತು ಪೂರ್ತಿ ಸೆಟ್ಟು ಮಾಡಿಬಿಡಿ" ಎಂದು ಬರುವವರು ಬಹಳ. ಉಳಿದವುಗಳಲ್ಲಿ ಕೆಳಗಿನ ಕೋರೆಹಲ್ಲುಗಳಿದ್ದು, ಬೇರು ಗಟ್ಟಿಯಾಗಿದ್ದರೆ, ದಯವಿಟ್ಟು ಕೀಳಿಸಬೇಡಿ. ನರ ತೆಗೆದು ಚಿಕಿತ್ಸೆ ಮಾಡಿ, ಹಲ್ಲನ್ನು ಒಸಡಿನ ಮಟ್ಟಕ್ಕೆ ತರಿದು, ಅದರ ಮೇಲೆ ಸೆಟ್ಟು ಕೂರಿಸಬಹುದು. ದೇವರು ಕೊಟ್ಟ ಇಂಪ್ಲಾಂಟ್ ಅದು. ೧೯೭೮ರಲ್ಲಿ ಪ್ರಕಟವಾದ ಐದು ವರ್ಷದ ಅಧ್ಯಯನವೊಂದರಲ್ಲಿ ಕೋರೆಹಲ್ಲಿನ ಬೇರು ಉಳಿಸಿಕೊಂಡವರ ಕೆಳದವಡೆಯ ಮುಂಭಾಗದಲ್ಲಿ ಒಂದು ಮಿಲಿಮೀಟರಿಗೂ ಕಡಮೆ ಮೂಳೆ ಹೋಗಿತ್ತು. ಎಲ್ಲವನ್ನೂ ಕೀಳಿಸಿಕೊಂಡವರಲ್ಲಿ ಐದು ಮಿಲಿಮೀಟರಿಗೂ ಮಿಕ್ಕಿ. ಕಿತ್ತ ಹಲ್ಲನ್ನು ಮತ್ತೆ ನೆಡಲಾಗದು.

ಹಾಕಿಸಿಕೊಂಡ ಮೇಲೆ ಆರೈಕೆ ನಿಮ್ಮದು. ತಿರುಪಿಗೆ ಹುಳುಕಿಲ್ಲ, ಸರಿ. ಆದರೆ ಅದರ ಸುತ್ತ ಗಸಿ ಕಟ್ಟಿದರೆ ಒಸಡು ಊದಿ, ಕೀವಾಗಿ, ಮೂಳೆ ಬಿಟ್ಟುಹೋಗುತ್ತದೆ. ದಿನಕ್ಕೆರಡು ಸಲ ಮೆತ್ತನೆ ಬ್ರಷ್ಷಿನಿಂದ ಗುಂಡಿನ ಬುಡವನ್ನು ತಿಕ್ಕಬೇಕು. ರಾತ್ರಿ ಸೆಟ್ಟನ್ನು ತೆಗೆದು ನೀರಿನಲ್ಲಿಟ್ಟು ಮಲಗಬೇಕು. ಇನ್ನೊಂದು, ಯಾರೂ ಹೇಳದ ಮಾತು: ನಿಮಗೆ ಹಾಕಿದ ಇಂಪ್ಲಾಂಟಿನ ಕಂಪನಿ, ಅಳತೆ ಎಲ್ಲ ಬರೆದ ಚೀಟಿಯನ್ನು ವೈದ್ಯರಿಂದ ಕೇಳಿ ಪಡೆದು, ಮನೆಯ ಪತ್ರಗಳ ಜೊತೆ ಜೋಪಾನವಾಗಿಡಿ. ಒಂದು ಕಂಪನಿಯ ಬಿಡಿಭಾಗ ಮತ್ತೊಂದಕ್ಕೆ ಕೂರುವುದಿಲ್ಲ. ಹತ್ತು ವರ್ಷದ ಮೇಲೆ ಬೇರೆ ಊರಿನಲ್ಲಿ ರಿಪೇರಿ ಬಂದರೆ ಆ ಚೀಟಿಯೇ ನಿಮ್ಮನ್ನು ಕಾಯುವುದು.

ಅಂದು ನನ್ನ ಮುಂದೆ ಕುಳಿತಿದ್ದ ಮೇಷ್ಟರಿಗೆ ಇದನ್ನೆಲ್ಲ ಹೇಳಿದೆ, ಮೊದಲೇ ಹೇಳದಿದ್ದುದಕ್ಕೆ ಕ್ಷಮೆಯನ್ನೂ ಕೇಳಿದೆ. ಅವರು ಯೋಚಿಸಿ ಒಂದೇ ಪ್ರಶ್ನೆ ಹಾಕಿದರು: "ಅಲ್ಲ ಡಾಕ್ಟರೇ, ನಾಳೆ ಚಿತೆಯಲ್ಲಿ ಇದು ಕರಗುತ್ತದೋ ಇಲ್ಲವೋ?" ಕರಗುವುದಿಲ್ಲ ಎಂದೆ. ಟೈಟೇನಿಯಂ ಕರಗಲು ಸಾವಿರದ ಆರುನೂರು ಡಿಗ್ರಿ ಮೀರಿದ ಬಿಸಿ ಬೇಕು. ಸೌದೆಯ ಬೆಂಕಿಗೆ ಅದು ಸಾಧ್ಯವಿಲ್ಲ. "ಹಾಗಾದರೆ ಅಸ್ಥಿ ಆರಿಸುವಾಗ ಮಗನಿಗೆ ಸಿಕ್ಕುತ್ತದೆ. ಅಪ್ಪನ ಹಣ ಎಲ್ಲಿ ಹೋಯಿತೆಂದು ಅವನಿಗೂ ಗೊತ್ತಾಗಲಿ" ಎಂದು ನಕ್ಕರು. ಅಡಿಕೆ ಮಾರಿದ ಮೇಲೆ ಬರುತ್ತೇನೆಂದು ಹೇಳಿ ಹೋದವರು ಹೇಳಿದಂತೆಯೇ ಬಂದರು. ಮಾಡಿದ್ದು ಮೂರನೆಯ ಸೆಟ್ಟಿಗೇ. ಅದು ಅವರ ಪೆಟ್ಟಿಗೆಯಲ್ಲಿ ಹೊಸದರಂತೆ ಉಳಿದಿತ್ತು.

ವರ್ಷ ತುಂಬುವ ಮೊದಲೇ ಮೇಷ್ಟರು ದೂರು ಹೊತ್ತು ಬಂದರು. ಎಡಗಡೆಯ ಬಟನ್ ಸಡಿಲವಾಗಿದೆ, ಮುಂದಿನ ಶನಿವಾರ ವಾಚನವಿದೆ, ಇಂದೇ ಆಗಬೇಕು. ಬಟ್ಟಲೊಳಗಿನ ನೈಲಾನಿನ ಬಳೆ ಸವೆದಿತ್ತು. ಅದು ಸವೆಯುವಂಥದೇ, ವರ್ಷಕ್ಕೊಂದು ಸಲ ಬದಲಾಯಿಸಬೇಕಾಗಬಹುದು. ಇಷ್ಟು ಬೇಗ ಹೇಗೆ ಸವೆಯಿತೆಂದು ಕೇಳಿದ್ದಕ್ಕೆ, ಮನೆಯಲ್ಲಿ ಚಕ್ಕುಲಿ ಮಾಡಿದ್ದರೆಂದು ಒಪ್ಪಿಕೊಂಡರು. ಹೊಸ ಬಳೆ ಹಾಕಿ ಕೊಟ್ಟೆ. ಹತ್ತು ನಿಮಿಷದ ಕೆಲಸ.